ಮೂರು ರಾಜ್ಯಗಳಾದ ಒಂದು ನೆರೆ

ವಿಕಾರಾಬಾದಿನಿಂದ ಪರಳಿಯತ್ತ ಸಾಗುವ ರೈಲುಮಾರ್ಗವು ಜಹೀರಾಬಾದ, ಬೀದರ, ಭಾಲ್ಕಿ, ಕಮಲನಗರ, ಉದಗೀರಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಇವೆಲ್ಲವೂ ಹಿಂದೆ ನಿಜಾಮರ ಸಂಸ್ಥಾನದ ಬೀದರ ಜಿಲ್ಲೆಯ ಊರುಗಳು. 1956ರ ನವೆಂಬರ್ 1ರಂದು ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೆ ಬಂದವು. ಉದಗೀರವು ಮುಂಬಯಿ ರಾಜ್ಯಕ್ಕೂ, ಜಹೀರಾಬಾದವು ಆಂಧ್ರಕ್ಕೂ ಸೇರಿದವು. ನೆರೆಯವರು ಮನೆಯ ಹೊಸ್ತಿಲನ್ನು ದಾಟದೆಯೇ ಪರರಾಜ್ಯದವರಾದರು.

ಅದಕ್ಕೂ ಮುನ್ನ 1948ರ ಗಾಯವಿತ್ತು. ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದ ಅನೇಕರು ರಜಾಕಾರರ ಹಾವಳಿಗೆ ಬಲಿಯಾದರು. ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಈ ಜಿಲ್ಲೆಯ ಮುಸಲ್ಮಾನರು ಅನುಭವಿಸಿದ ಸಂಕಟವನ್ನು ಸುಂದರಲಾಲ ಸಮಿತಿಯು ದಾಖಲಿಸಿತು. ಒಂದು ನೋವನ್ನು ನೆನೆದು ಮತ್ತೊಂದನ್ನು ಮರೆಯುವ ಸ್ನೇಹವು ಬಹುಕಾಲ ಬಾಳದು.

ಬೀದರಕ್ಕೆ ಹೋದವರು ಕೋಟೆಯನ್ನೂ 1472ರ ಮಹಮೂದ ಗವಾನರ ಮದರಸಾವನ್ನೂ ನೋಡಿ ಮರಳುವುದುಂಟು. ನಾವು ಅಷ್ಟೂರಿಗೂ ಹೋಗಬೇಕೆನ್ನುತ್ತೇವೆ. ಅಲ್ಲಿ ಬಹಮನಿ ಸುಲ್ತಾನ ಅಹಮದಶಹಾ ವಲಿಯ ಗೋರಿಯಿದೆ. ಅವನನ್ನು ಅಲ್ಲಮಪ್ರಭುವಿನ ಅವತಾರವೆಂದು ಭಾವಿಸುವ ಭಕ್ತರು ಇಂದಿಗೂ ಇದ್ದಾರೆ. ಉರುಸಿಗೆ ಆಳಂದ ಸೀಮೆಯ ಮಾಡಿಯಾಳದಿಂದ ಜಂಗಮರೊಬ್ಬರು ನಡೆದು ಬರುತ್ತಾರೆ. ದೂರವಿದ್ದರೂ ವರುಷಕ್ಕೊಮ್ಮೆ ತಪ್ಪದೆ ಬರುವುದೇ ಈ ಬಾಂಧವ್ಯವನ್ನು ಶತಮಾನಗಳಿಂದ ಕಾಯ್ದುಕೊಂಡು ಬಂದಿದೆ.

ಭಾಲ್ಕಿಯಲ್ಲಿ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕವನ್ನಿಟ್ಟು ಒಳಗೆ ಕನ್ನಡ ಕಲಿಸಿದುದನ್ನು ನಾಡು ಬಲ್ಲುದು. ನುಡಿಯು ತಾನಾಗಿ ಉಳಿಯಲಿಲ್ಲ, ಉಳಿಸಿದುದರಿಂದ ಉಳಿಯಿತು. ನೆರೆತನವೂ ಹಾಗೆಯೇ.

ಆ ಸೀಮೆಯ ಮನೆಗಳಲ್ಲಿ ನಾವು ಕಂಡುದನ್ನು ಹೇಳುವುದಾದರೆ, ಹೈದರಾಬಾದಿಗೆ ಹೋಗಿ ನೆಲೆಸಿದ ಮುಸಲ್ಮಾನ ಸ್ನೇಹಿತರು ಮದುವೆಗೆ ಬರುವಾಗ ಲಿಂಗವಂತರ ಆಚಾರವನ್ನರಿತು ಅಕ್ಕಿ, ಬೇಳೆ, ಬೆಲ್ಲಗಳನ್ನು ಬೇಯಿಸದೆಯೇ ತಂದೊಪ್ಪಿಸುತ್ತಾರೆ. ಮನೆಯವರು ಅದರಿಂದಲೇ ಹುಗ್ಗಿ ಮಾಡಿ ಅವರೊಡನೆ ಕುಳಿತು ಉಣ್ಣುತ್ತಾರೆ. ಯಾರೂ ತಮ್ಮತನವನ್ನು ಬಿಡಲಿಲ್ಲ, ಪಂಕ್ತಿಯೂ ಮುರಿಯಲಿಲ್ಲ.

ಔರಾದದ ಹಿರಿಯರು ಕನ್ನಡ, ಮರಾಠಿ, ಉರ್ದು ಮೂರನ್ನೂ ಸರಾಗವಾಗಿ ಆಡುತ್ತಾರೆ. ಮೊಮ್ಮಕ್ಕಳಿಗೆ ಉರ್ದು ಓದಲು ಬಾರದು. ಅಜ್ಜನಿಗೆ ಬಂದ ಪತ್ರಗಳು ಪೆಟ್ಟಿಗೆಯಲ್ಲಿ ಮೂಕವಾಗಿವೆ. ಹಿರಿಯರು ಲಿಂಗೈಕ್ಯರಾದೊಡನೆ ಎಷ್ಟೋ ಮನೆಗಳ ಹೋಗುಬರವು ನಿಂತಿದೆ. ಮದುವೆಯ ಕರೆಯೋಲೆ ಮಾತ್ರ ಕಳಿಸಿದರೆ ಸಾಲದು. ಸಾವಿನ ಸುದ್ದಿ ಕೇಳಿದಾಗ ಎದ್ದು ಹೋಗಬೇಕು.

ಆದುದರಿಂದ ಸದ್ಭಕ್ತರಲ್ಲಿ ನಮ್ಮ ವಿನಂತಿಯಿಷ್ಟೆ: ಅಜ್ಜಂದಿರು ಇರುವಾಗಲೇ ಹಳೆಯ ನೆರೆಯವರ ಹೆಸರು, ಊರುಗಳನ್ನು ಕೇಳಿ ಬರೆದಿಡಿರಿ. ಮುಂದಿನ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಒಮ್ಮೆ ಉದಗೀರದ ರೈಲು ಹತ್ತಿರಿ.