ಇಳಿಯುವ ದಾರಿಗೊಂದು ಗಾಡಿ

ಕಟ್ಟಿಗೆ ಇನ್ನೆರಡು ಒಳಗೆ ತಳ್ಳಿ, ಈ ಕಥೆ ಕೊಂಚ ಉದ್ದವಿದೆ. ಬೇಟೆಗೆ, ಕಾಡುದಾರಿಗೆ ಯಾವ ಪಿಕಪ್ ಒಳ್ಳೆಯದು ಎಂದು ಕೇಳಿದವರಿಗೆ ನಾನು ಗಾಡಿಯ ಹೆಸರು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ನಾವು ಆಗ ಅಮೆರಿಕದ ಕೊಲರಾಡೊ ರಾಜ್ಯದ ಪಶ್ಚಿಮದಲ್ಲಿ, ಮಾಂಟ್ರೋಸ್ ಎಂಬ ಊರಲ್ಲಿದ್ದೆವು. ಊರಿನ ಪಡುವಣಕ್ಕೆ ಅನ್‌ಕಂಪಾಗ್ರೆ ಎನ್ನುವ ಉದ್ದನೆಯ ಪ್ರಸ್ಥಭೂಮಿ ಮಲಗಿದೆ. ಅದರ ನೆತ್ತಿಯುದ್ದಕ್ಕೂ ಡಿವೈಡ್ ರೋಡ್ ಎಂಬ ಮಣ್ಣಿನ ರಸ್ತೆ, ಅದರಿಂದ ಎರಡೂ ಕಡೆಯ ಕಣಿವೆಗಳಿಗೆ ಇಳಿಯುವ ಕವಲು ದಾರಿಗಳು. ಆಸ್ಪೆನ್, ಸ್ಪ್ರೂಸ್, ಗಿಡ್ಡ ಓಕ್ ಮರಗಳ ಕಾಡು. ಊರು ಇರುವುದು 5,800 ಅಡಿ ಎತ್ತರದಲ್ಲಿ, ಮೇಲಿನ ಕಾಡು 9,000 ಅಡಿಯ ಆಚೆ. ಅಲ್ಲಿ ಎಲ್ಕ್ ಮೇಯುತ್ತವೆ. ಎಲ್ಕ್ ಅಂದರೆ ನಮ್ಮ ಕಡವೆಯ ಬಳಗದ್ದೇ, ಅದಕ್ಕಿಂತ ದೊಡ್ಡದು. ಬಲಿತ ಗಂಡು 300 ಕಿಲೋ ದಾಟುತ್ತದೆ.

ನಮ್ಮ ಪಕ್ಕದ ಮನೆಯಲ್ಲಿ ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದರು. ವರ್ಷಕ್ಕೊಂದು ಎಲ್ಕ್ ಸಿಕ್ಕರೆ ಆ ಮನೆಯವರು ಚಳಿಗಾಲವಿಡೀ ಅಂಗಡಿಯ ಮಾಂಸ ತರುತ್ತಿರಲಿಲ್ಲ. ಅವರ ಹಳೆಯ ಪಿಕಪ್ಪಿನ ಚಾಸಿಗೆ ತುಕ್ಕು ಹಿಡಿದಿತ್ತು. ಹಿಮದ ರಸ್ತೆಗೆ ಸುರಿಯುವ ಉಪ್ಪಿನ ನೀರು ಕಬ್ಬಿಣವನ್ನು ಒಳಗಿನಿಂದ ತಿನ್ನುತ್ತದೆ. ಸುತ್ತಿಗೆಯಿಂದ ತಟ್ಟಿದರೆ ಟಣ್ ಅನ್ನಬೇಕಾದಲ್ಲಿ ಡಬ್ ಅನ್ನುತ್ತಿತ್ತು. "ಇದು ನನ್ನನ್ನು ಮೇಲಕ್ಕೆ ಒಯ್ದೀತು, ಕೆಳಗೆ ತರಲಾರದು. ಗಾಡಿ ನೋಡೋಕೆ ಹೋಗ್ತಿದ್ದೀನಿ, ನೀನೂ ಬಾ" ಎಂದು ಕರೆದರು.

ನಾನು ಕೊಪ್ಪದ ಕಡೆಯವನೆಂದೂ ಕಾಫಿ ತೋಟದ ಜೀಪಿನ ಹಿಂಬದಿಯಲ್ಲಿ ಬೆಳೆದವನೆಂದೂ ಅವರಿಗೆ ಗೊತ್ತಿತ್ತು. ನಮ್ಮಜ್ಜನ ಕಾಲದ ಹಂದಿ ಶಿಕಾರಿಯ ಕಥೆಗಳನ್ನೂ ಅವರಿಗೆ ಹೇಳಿದ್ದೆ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆಯೊಂದಿಗೆ ಶಿಕಾರಿಯ ಕಾಲ ಮುಗಿಯಿತು, ಮುಗಿಯಲೇಬೇಕಿತ್ತು, ಅಷ್ಟು ಕಾಡು ಬರಿದಾಗಿತ್ತು. ಅಲ್ಲಿಯ ದಾರಿ ಬೇರೆ. ಪರವಾನಗಿ ಇಷ್ಟೇ, ಋತು ಇಷ್ಟೇ ದಿನ, ಇಂಥ ಭಾಗದಲ್ಲಿ ಇಂಥ ಪ್ರಾಣಿ ಎಂದು ರಾಜ್ಯವೇ ಗೊತ್ತುಮಾಡುತ್ತದೆ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ಪಾಠ ಕಲಿತು ಪ್ರಮಾಣಪತ್ರ ಪಡೆಯದೆ ಪರವಾನಗಿ ಕೇಳುವಂತಿಲ್ಲ. ರೈಫಲ್ ಋತುವಿನಲ್ಲಿ ಬೇಟೆಗಾರ ಕಣ್ಣಿಗೆ ಹೊಡೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಲೇಬೇಕು. ತಿನ್ನುವ ಮಾಂಸವನ್ನು ಕಾಡಿನಲ್ಲಿ ಬಿಟ್ಟುಬಂದರೆ ಅದೇ ಅಪರಾಧ. ಬಂದೂಕು, ಗುಂಡುಗಳ ಮೇಲಿನ ತೆರಿಗೆ 1937ರ ಪಿಟ್ಮನ್–ರಾಬರ್ಟ್ಸನ್ ಕಾಯ್ದೆಯ ಪ್ರಕಾರ ವನ್ಯಜೀವಿಗಳ ರಕ್ಷಣೆಗೇ ಹೋಗುತ್ತದೆ. ಈ ಏರ್ಪಾಡನ್ನು ನಾನು ಗೌರವಿಸುತ್ತೇನೆ.

ಮೊದಲು ಅವರ ಮಗ ಮೆಚ್ಚಿದ ಗಾಡಿ ನೋಡಿದೆವು. ಭಾರಿ ಡೀಸೆಲ್ ಪಿಕಪ್, ಚಾಸಿಯನ್ನು ಇನ್ನೂ ಎತ್ತರಿಸಿ ಅಗಲದ ಟೈರು ಹಾಕಿದ್ದರು. ಮಗ ಹತ್ತಿ ಕೂತು ಎಂಜಿನ್ ಶುರು ಮಾಡಿದ, ಮುಖ ಅರಳಿತ್ತು. ಹಿರಿಯರು ಬಾನೆಟ್ ಎತ್ತಲಿಲ್ಲ, ಗಾಡಿಯ ತೂಕ ಕೇಳಿದರು. ಖಾಲಿ ಗಾಡಿಯೇ ಮೂರು ಟನ್ನಿನ ಮೇಲಿತ್ತು. "ಮೇಲಕ್ಕೆ ಯಾವುದಾದರೂ ಹೋಗುತ್ತೆ. ಒದ್ದೆ ಮಣ್ಣಿನ ಇಳುಕಲಲ್ಲಿ ಮೂರು ಟನ್ನನ್ನ ಹಿಡಿಯೋರು ಯಾರು?" ಎಂದರು. ಮಗನಿಗೆ ಆ ಮಾತು ಹಿಡಿಸಲಿಲ್ಲ. ಕುದುರೆಟ್ರೇಲರ್ ಎಳೆಯುವವರಿಗೆ ಅಂಥ ಗಾಡಿಯೇ ಬೇಕು. ಇವರಿಗೆ ಕುದುರೆಯಿರಲಿಲ್ಲ.

ನನ್ನ ಕಣ್ಣು ಬಿದ್ದದ್ದು ಟೊಯೊಟಾ ಟಕೋಮಾದ ಮೇಲೆ. ಅಗಲ ಕಡಿಮೆ, ಮೈ ಹಗುರ, ಓಕ್ ಪೊದೆಗಳ ನಡುವೆ ನುಸುಳಲು ಸಲೀಸು. ಕಾಡುದಾರಿಯಲ್ಲಿ ಒಂದು ಗೇಣು ಅಗಲ ಕಡಿಮೆ ಇರುವುದು ದೊಡ್ಡ ಸುಖ. ಹಿರಿಯರಿಗೂ ಇಷ್ಟವಾಯಿತು. ಆಮೇಲೆ ಅವರು ಚಾಲಕನ ಬಾಗಿಲು ತೆರೆದು, ಕಂಬದ ಮೇಲೆ ಅಂಟಿಸಿದ್ದ ಚೀಟಿಯತ್ತ ಬೆರಳು ತೋರಿದರು. ಅಮೆರಿಕದಲ್ಲಿ ಮಾರುವ ಗಾಡಿಗಳಲ್ಲಿ ಈ ಚೀಟಿ ಇರುತ್ತದೆ. ಕೂತವರು, ಸಾಮಾನು ಎಲ್ಲ ಸೇರಿ ಇಷ್ಟು ಕಿಲೋ ಮೀರಬಾರದು ಎಂದು ಬರೆದಿರುತ್ತದೆ. ಅಲ್ಲಿದ್ದದ್ದು 480.

ಅವರು ಜೇಬಿನಿಂದ ಪೆನ್ಸಿಲ್ ತೆಗೆದು ರಟ್ಟಿನ ತುಂಡಿನ ಮೇಲೆ ಕೂಡುತ್ತ ಹೋದರು. ದಪ್ಪ ಕೋಟು, ಬೂಟು ಸಮೇತ ಮೂರು ಜನ, 270. ಹಿಂದಿನ ಬಾಡಿಗೆ ಹಾಕುವ ಫೈಬರ್ ಮುಚ್ಚಿಗೆ 85. ಡೇರೆ, ಒಲೆ, ಹಾಸಿಗೆ, ಊಟದ ಸಾಮಾನು 90. ನೀರು, ಮಂಜುಗಡ್ಡೆ 80. ಚೈನು, ಜಾಕಿ, ಸಲಿಕೆ, ಹಗ್ಗ 45. ಪೆಟ್ರೋಲ್ ಕ್ಯಾನು 20. ಒಟ್ಟು 590, ಇನ್ನೂ ಪ್ರಾಣಿಯೇ ಬಂದಿಲ್ಲ! ಬರುವಾಗ ನೀರು, ಊಟ ಖರ್ಚಾಗಿರುತ್ತದೆ ನಿಜ. ಆದರೆ ಅಪ್ಪ ಮಗ ಇಬ್ಬರಿಗೂ ಬೇಟೆ ಸಿಕ್ಕರೆ ಮೂಳೆಸಮೇತದ ಕಾಲುಗಳು ಇನ್ನೂರು ಕಿಲೋ ದಾಟುತ್ತವೆ. ಅಂದರೆ ಗಾಡಿ ತನ್ನ ಮಿತಿಗಿಂತ ಒಂದೂವರೆ ಪಟ್ಟು ಹೇರಿಕೊಂಡು ಅತ್ಯಂತ ಕೆಟ್ಟ ದಾರಿಯಲ್ಲಿ ಇಳಿಯಬೇಕು. ಕಮಾನು ಪಟ್ಟಿ ಕೂತುಹೋಗುತ್ತದೆ, ಮೂತಿ ಮೇಲೇಳುತ್ತದೆ, ಮುಂದಿನ ಚಕ್ರದ ಹಿಡಿತ ಸಡಿಲಾಗುತ್ತದೆ, ಬ್ರೇಕ್ ಕಾಯುತ್ತದೆ. ಒಬ್ಬರೋ ಇಬ್ಬರೋ ಹೋಗುವುದಾದರೆ ಇವತ್ತಿಗೂ ನಾನು ಟಕೋಮಾ ತೆಗೆದುಕೊಳ್ಳಿ ಅನ್ನುತ್ತೇನೆ. ಮೂವರಿಗೆ, ಮೇಲೆ ಮಾಂಸಕ್ಕೆ, ಲೆಕ್ಕ ಹೊಂದಲಿಲ್ಲ.

ಕೊನೆಗೆ ಒಂದು ಅಂಗಳದಲ್ಲಿ ಎರಡು ಹಳೆಯ ಫೋರ್ಡ್ ಎಫ್-150 ಅಕ್ಕಪಕ್ಕ ನಿಂತಿದ್ದವು. ಮಾದರಿ ಒಂದೇ, ಎಂಜಿನ್ನೂ ಒಂದೇ. ಒಂದರಲ್ಲಿ ತೊಗಲಿನ ಸೀಟು, ಛಾವಣಿಗೆ ಗಾಜು, ತಾನಾಗಿ ಇಳಿಯುವ ಮೆಟ್ಟಿಲು. ಇನ್ನೊಂದರಲ್ಲಿ ಬಟ್ಟೆಯ ಸೀಟು, ನೆಲಕ್ಕೆ ರಬ್ಬರು. ಮೊದಲನೆಯದರ ಚೀಟಿ 640 ಅಂದರೆ ಎರಡನೆಯದು 810. ಗಾಜು, ತೊಗಲು, ಮೋಟಾರುಗಳ ತೂಕವೆಲ್ಲ ಹೊರುವ ಶಕ್ತಿಯಿಂದಲೇ ಕಳೆಯುತ್ತದೆ! ಹೆಚ್ಚು ಹಣ ಕೊಟ್ಟವನಿಗೆ ಕಡಿಮೆ ಹೊರುವ ಗಾಡಿ ಸಿಗುತ್ತದೆಂಬುದು ನನಗೆ ಅಲ್ಲಿಯವರೆಗೂ ಹೊಳೆದಿರಲಿಲ್ಲ. ಮಾರುವವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಗಾಡಿ ಕೊಳ್ಳಲು ಹೋದವರು ಬಾಗಿಲು ತೆರೆದು ಆ ಚೀಟಿಯನ್ನು ತಾವೇ ಓದಬೇಕು.

ರಬ್ಬರು ನೆಲದ ಗಾಡಿಯ ಕೆಳಗೆ ನಾನು ಟಾರ್ಚು ಹಿಡಿದು ತೂರಿದೆ. ಚಾಸಿ ಗಟ್ಟಿಯಿತ್ತು, ಕಮಾನು ಪಟ್ಟಿಗಳಲ್ಲಿ ಬಿರುಕಿರಲಿಲ್ಲ, ಸ್ಟೆಪ್ನಿ ಉಳಿದ ಟೈರುಗಳ ಅಳತೆಯದೇ. ಲೋ ಗೇರ್ ಹಾಕಿಸಿ, ತೆಗೆಸಿ, ಮತ್ತೆ ಹಾಕಿಸಿ ನೋಡಿದೆವು. ವರ್ಷಗಟ್ಟಲೆ ಬಳಸದ ಫೋರ್ ವೀಲ್ ಬೇಕಾದ ದಿನ ಕೈಕೊಡುವುದನ್ನು ನಮ್ಮೂರಲ್ಲೇ ಕಂಡಿದ್ದೆ. ಹಿಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕ್ ಅದರಲ್ಲಿತ್ತು. ಅದಿಲ್ಲದ ಗಾಡಿಯಲ್ಲಿ ಒಂದು ಚಕ್ರ ಜಾರಿದರೆ ಎಂಜಿನ್ನಿನ ಬಲವೆಲ್ಲ ಆ ಜಾರುವ ಚಕ್ರಕ್ಕೇ ಹರಿದು, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಲ್ಲುತ್ತದೆ. ಎಂಜಿನ್ ಟರ್ಬೊ ಇತ್ತು, ಅದು ಬೇಕೇಬೇಕೆಂದು ನಾನು ಹಟ ಹಿಡಿದಿದ್ದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ನೂರಕ್ಕೆ ಮೂರರಷ್ಟು ಬಲ ಕಳೆದುಕೊಳ್ಳುತ್ತದೆ. ಪ್ರಸ್ಥಭೂಮಿಯ ನೆತ್ತಿಯಲ್ಲಿ ಅದು ಹೆಚ್ಚುಕಮ್ಮಿ ಕಾಲು ಭಾಗ.

ಹಿರಿಯರು ಅದನ್ನೇ ಕೊಂಡು, ಉಳಿದ ದುಡ್ಡನ್ನು ಟೈರಿಗೆ ಹಾಕಿದರು. ಗಾಡಿಯ ಜೊತೆ ಬಂದ ಟೈರು ಹೆದ್ದಾರಿಯದು, ಪಕ್ಕದ ಗೋಡೆ ತೆಳ್ಳಗೆ. ಚೂಪುಗಲ್ಲಿನ ದಾರಿಗೆ ದಪ್ಪ ಗೋಡೆಯ, ಲಾರಿ ಜಾತಿಯ ಟೈರು ಬೇಕು. ಹಿಂದಿನ ಚಕ್ರಗಳಿಗೆ ಸರಿಯಾದ ಅಳತೆಯ ಚೈನು ತಂದು, ಮನೆಯ ಅಂಗಳದಲ್ಲೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿದೆವು. ಆ ಕೆಲಸ ನನಗೆ ಬರುತ್ತಿತ್ತು. ಮಳೆಗಾಲ ಹಿಡಿಯಿತೆಂದರೆ ನಮ್ಮ ತೋಟದ ಜೀಪಿನ ಹಿಂದಿನ ಚಕ್ರಕ್ಕೆ ಚೈನು ಕಟ್ಟುತ್ತಿದ್ದರು, ಬಿಚ್ಚುತ್ತಿದ್ದದ್ದು ದಸರೆಯ ಹೊತ್ತಿಗೆ. ಗಾಡಿ ಹೂತ ಮೇಲೆ ಕಟ್ಟಲು ಹೋದವನಿಗೆ ಕೆಸರಲ್ಲಿ ಮಲಗುವ ಶಿಕ್ಷೆ. ಗಾಡಿ ಹೂತುಕೊಳ್ಳುವ ಮೊದಲೇ ಚೈನು ಕಟ್ಟಬೇಕು.

ಅಕ್ಟೋಬರ್ ಕೊನೆಯಲ್ಲಿ ಹೊರಟೆವು. ಪರವಾನಗಿ ಇದ್ದದ್ದು ಅಪ್ಪ ಮಗನಿಗೆ, ನಾನು ಹೊರೆ ಹೊರುವ ಆಳು. ಹತ್ತುವ ದಾರಿ ಒಣಗಿತ್ತು, ಟೈರಿನ ಗಾಳಿ ಕೊಂಚ ಇಳಿಸಿದೆವು, ಅಷ್ಟೇ. ಡಿವೈಡ್ ರೋಡಿನಿಂದ ಕವಲೊಡೆದು ಇಳಿಯುವ ದಾರಿಯೊಂದರ ತಳದಲ್ಲಿ, ಸ್ಪ್ರೂಸ್ ಮರಗಳ ಅಂಚಿಗೆ ಡೇರೆ ಹಾಕಿದೆವು.

ಎಲ್ಕ್ ಸಿಕ್ಕಿದ್ದು ಹಿರಿಯರಿಗೆ, ದೂರದ ಕಣಿವೆಯಲ್ಲಿ. ಪಿಕಪ್ ತಗೊಂಡು ಪ್ರಾಣಿಯ ಬಳಿಗೇ ಹೋಗುತ್ತಾರೆಂದು ಕೆಲವರು ತಿಳಿದಿರುತ್ತಾರೆ. ಹಾಗಿಲ್ಲ. ಯಾವ ದಾರಿಯಲ್ಲಿ ಯಾವ ಗಾಡಿ ಓಡಬಹುದೆಂದು ಅರಣ್ಯ ಇಲಾಖೆ ನಕ್ಷೆ ಅಚ್ಚುಮಾಡಿ ಕೊಡುತ್ತದೆ. ಅದರಲ್ಲಿಲ್ಲದ ಕಡೆ ಚಕ್ರ ಇಳಿಸುವಂತಿಲ್ಲ. ಇದು ನನಗೆ ಬಹಳ ಹಿಡಿಸಿದ ಕಾನೂನು. ಹುಲ್ಲುಗಾವಲಿನ ಮೇಲೆ ಒಂದು ಗಾಡಿ ಹಾದರೆ ಮರುವರ್ಷ ಅದೇ ಕೊರಕಲು, ಆಮೇಲೆ ಅದೇ ಹಳ್ಳ. ನಮ್ಮ ಕಡೆಯ ಶೋಲಾ ಹುಲ್ಲುಗುಡ್ಡಗಳ ಮೇಲೆ ಜೀಪು ಹತ್ತಿಸಿ ಮೋಜು ಮಾಡುವುದನ್ನು ಕಂಡು ಸಂಕಟಪಟ್ಟವನು ನಾನು. ಕೊಲರಾಡೊದಲ್ಲಿ ಪ್ರಾಣಿಯನ್ನು ಬಿದ್ದ ಜಾಗದಲ್ಲೇ ಕಾಲುಗಳಾಗಿ ಬಿಡಿಸಿ, ತೆಳು ಬಟ್ಟೆಯ ಚೀಲದಲ್ಲಿ ಹಾಕಿ, ಬೆನ್ನ ಮೇಲೆ ಹೊತ್ತು ರಸ್ತೆಗೆ ತರಬೇಕು. ಒಂದು ಹಿಂಗಾಲು ಮೂವತ್ತು ಕಿಲೋ ಮೇಲೆ. ತೆಳುಗಾಳಿಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಂತು ಉಸಿರೆಳೆದುಕೊಂಡು ಕತ್ತಲಾಗುವ ತನಕ ಹೊತ್ತೆವು.

ಅವತ್ತು ರಾತ್ರಿ ಮಳೆ ಹಿಡಿಯಿತು, ಬೆಳಗಿನ ಜಾವ ಹಿಮವಾಯಿತು, ಹಗಲು ಬಿಸಿಲು ಬಂತು. ಇದಕ್ಕಿಂತ ಕೆಟ್ಟ ಸರದಿ ಆ ಮಣ್ಣಿಗೆ ಇನ್ನೊಂದಿಲ್ಲ. ಆ ಕಣಿವೆಗಳ ಮಗ್ಗುಲಲ್ಲಿ ಮೊರಿಸನ್ ಎನ್ನುವ ಶಿಲಾಪದರ ಹೊರಬಿದ್ದಿದೆ. ಡೈನೋಸಾರ್ ಎಲುಬುಗಳಿಗೆ ಹೆಸರಾದ ಪದರವೇ ಅದು. ಅದರಲ್ಲಿ ಜ್ವಾಲಾಮುಖಿಯ ಬೂದಿ ಮಾರ್ಪಟ್ಟು ಆದ ಬೆಂಟೊನೈಟ್ ಜೇಡಿ ಇದೆ. ನೀರು ಕುಡಿದರೆ ಅದು ಉಬ್ಬುತ್ತದೆ. ಮಧ್ಯಾಹ್ನದ ಹೊತ್ತಿಗೆ ದಾರಿ ನಾಟಿಗೆ ಹದ ಮಾಡಿದ ಗದ್ದೆಯಂತಾಗಿತ್ತು. ಟೈರಿನ ಹಲ್ಲುಗಳ ಸಂದಿಯೆಲ್ಲ ಮಣ್ಣು ತುಂಬಿ ನುಣ್ಣಗಾದ ಮೇಲೆ ಎಷ್ಟು ಬಲದ ಎಂಜಿನ್ ಇದ್ದೂ ಏನು?

ಆ ಹೊತ್ತಿಗೇ ಮೇಲಿನ ಬಿಡಾರದವರ ಭಾರಿ ಪಿಕಪ್ಪೊಂದು ನಮ್ಮತ್ತ ಇಳಿಯಿತು. ಮಗ ಆಸೆಪಟ್ಟಿದ್ದ ಜಾತಿಯದೇ. ತಿರುವಿನಲ್ಲಿ ಅದರ ಬ್ರೇಕ್ ದೀಪ ಹತ್ತಿದ್ದು ಕಂಡೆ. ಚಕ್ರ ನಿಂತಿತು, ಗಾಡಿ ನಿಲ್ಲಲಿಲ್ಲ. ಅಡ್ಡಡ್ಡವಾಗಿ ಜಾರಿ ಬಂದು ಒಳಗಡೆಯ ಚರಂಡಿಗೆ ಕುಕ್ಕರಿಸಿತು. ಹೊರಗಡೆಗೆ ಜಾರಿದ್ದರೆ ಕಣಿವೆಯೇ. ನಾವು ಓಡಿದೆವು. ಯಾರಿಗೂ ಪೆಟ್ಟಾಗಿರಲಿಲ್ಲ, ಬಣ್ಣ ಕಳೆದ ಮುಖಗಳಷ್ಟೇ. ಹಗ್ಗ ಕಟ್ಟಿ ಎಳೆಯಿರೆಂದು ಕೇಳಿದರು. ಹಿರಿಯರು ಒಪ್ಪಲಿಲ್ಲ. "ಈಗ ಎಳೆದರೆ ಎರಡು ಗಾಡಿ ಚರಂಡಿಯಲ್ಲಿರುತ್ತೆ. ಬಂದು ಊಟ ಮಾಡಿ" ಅಂದರು.

ನಮ್ಮ ಡೇರೆಯೊಳಗೂ ಜಗಳವಾಯಿತು. ಮಗನಿಗೆ ಮರುದಿನ ಕೆಲಸಕ್ಕೆ ಹೋಗಬೇಕಿತ್ತು. ಚೈನಿದೆ, ಲಾಕಿದೆ, ಇನ್ನೇನು, ಹೊರಡೋಣ ಎಂದ. ಅಪ್ಪ ಒಲೆಗೆ ಸೌದೆ ತುರುಕುತ್ತ ಒಂದೇ ಮಾತು ಹೇಳಿದರು: "ನಾಲ್ಕು ಗಂಟೆಗೆ ಎಬ್ಬಿಸ್ತೀನಿ." ಆಕಾಶ ತಿಳಿಯಾಗಿತ್ತು, ರಾತ್ರಿ ಮಣ್ಣು ಹೆಪ್ಪುಗಟ್ಟುತ್ತದೆಂಬುದು ಅವರ ಲೆಕ್ಕ. ಮಲೆನಾಡಿನವನಾದ ನನಗೆ ಕೆಸರು ಗೊತ್ತಿತ್ತು, ಹೆಪ್ಪುಗಟ್ಟುವ ಕೆಸರು ಗೊತ್ತಿರಲಿಲ್ಲ. ನಮ್ಮಲ್ಲಿ ಜುಲೈ ತಿಂಗಳ ದಾರಿ ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ.

ನಾಲ್ಕಕ್ಕೆ ಎದ್ದಾಗ ನೆಲ ಬೂಟಿನಡಿ ಗಟಗಟ ಅನ್ನುತ್ತಿತ್ತು. ಮಾಂಸದ ಚೀಲಗಳನ್ನು ಬಾಡಿಯ ಮುಂಭಾಗಕ್ಕೆ, ಹಿಂದಿನ ಆಕ್ಸಲ್ಲಿಗಿಂತ ಮುಂದೆ, ಒತ್ತಾಗಿ ಜೋಡಿಸಿ ಕಟ್ಟಿದೆವು. ಹಿಂಬಾಗಿಲ ಹತ್ತಿರ ತೂಕವಿಟ್ಟರೆ ತಿರುವಿನಲ್ಲಿ ಬಾಲ ಬೀಸುತ್ತದೆ. ಚೈನನ್ನು ನಾನೇ ಕಟ್ಟಿದೆ, ಮೂವತ್ತು ಮಾರು ಓಡಿಸಿ ನಿಲ್ಲಿಸಿ ಮತ್ತೆ ಬಿಗಿ ಮಾಡಿದೆ. ಚರಂಡಿಯಲ್ಲಿದ್ದ ಗಾಡಿಯ ಚಕ್ರದ ಮುಂದೆ ಸಲಿಕೆಯಿಂದ ಅಗೆದು ದಾರಿ ಮಾಡಿದೆವು. ಗಟ್ಟಿ ನೆಲ ಸಿಕ್ಕಿದ್ದೇ ಅದು ತಾನಾಗಿ ಹತ್ತಿ ನಿಂತಿತು, ಹಗ್ಗದ ಮಾತೇ ಬರಲಿಲ್ಲ.

ಡಿವೈಡ್ ರೋಡಿಗೆ ಹತ್ತಿದ್ದೂ ಅಲ್ಲಿಂದ ಊರಿನ ಕಡೆಗೆ ಇಳಿದದ್ದೂ ಲೋ ಗೇರಿನಲ್ಲೇ. ಹಿರಿಯರ ಕಾಲು ಬ್ರೇಕಿನ ಮೇಲೆ ಇರಲೇ ಇಲ್ಲ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಂಡು ಬಂತು. ಒಂದೇ ಕಡೆ ಎದೆ ಹಾರಿತು. ಮರದ ನೆರಳಿನ ತಿರುವಿನಲ್ಲಿ ದಪ್ಪ ಹಿಮ ಹೊದ್ದಿತ್ತು, ಹೊದ್ದ ಹಿಮದ ಕೆಳಗಿನ ಮಣ್ಣು ಹೆಪ್ಪುಗಟ್ಟಿರಲಿಲ್ಲ. ಗಾಡಿಯ ಹಿಂಭಾಗ ಹೊರಗಡೆಗೆ ಒಂದು ಮೊಳ ಸರಿಯಿತು. ಅವರು ಬ್ರೇಕ್ ಮುಟ್ಟದೆ ಸ್ಟೇರಿಂಗನ್ನು ಜಾರಿದತ್ತಲೇ ತುಸು ತಿರುಗಿಸಿ ಕಾದರು. ಚೈನು ಕೆಳಗಿನ ಕಲ್ಲು ಕಚ್ಚಿದ ಸದ್ದು ಕೇಳಿತು, ಗಾಡಿ ನೆಟ್ಟಗಾಯಿತು. ಮಗ ಬಾಗಿಲ ಹಿಡಿ ಬಿಟ್ಟು ಅಪ್ಪನನ್ನು ನೋಡಿದ. ಆ ಪ್ರಯಾಣದಲ್ಲಿ ಮೊದಲ ಬಾರಿಗೆ ಗಾಡಿಯನ್ನು ಒಪ್ಪಿ ಮಾತಾಡಿದ: "ಇದು ಸಾಕು."

ಸೂರ್ಯ ಹುಟ್ಟುವಾಗ ಡಾಂಬರು ರಸ್ತೆಗೆ ಬಂದು ಚೈನು ಬಿಚ್ಚಿದೆವು. ಮಗ ಕೆಲಸಕ್ಕೆ ಹೋದ. ಹಿರಿಯರು ಮನೆಗೆ ಹೋಗುವ ಮೊದಲೇ ಗಾಡಿ ತೊಳೆಯುವಲ್ಲಿ ನಿಲ್ಲಿಸಿ, ಚಕ್ರಗಳ ಒಳಮೈಗೆ ಜೋರು ನೀರು ಬಿಟ್ಟರು. ಆ ಜೇಡಿ ಒಳಗಡೆ ಒಂದೇ ಕಡೆ ಒಣಗಿ ಕೂತರೆ ಚಕ್ರದ ತೂಕ ಏರುಪೇರಾಗಿ ಹೆದ್ದಾರಿಯಲ್ಲಿ ಸ್ಟೇರಿಂಗ್ ನಡುಗುತ್ತದೆ. ಚಾಸಿಯ ಸಂದಿಗೂ ಬಿಟ್ಟರು, ಹಳೆಯ ಗಾಡಿಯ ತುಕ್ಕಿನ ನೆನಪಿತ್ತಲ್ಲ. ಮಧ್ಯಾಹ್ನ ಅವರ ಗ್ಯಾರೇಜಿನ ಮೇಜಿನ ಮೇಲೆ ಮಾಂಸ ಕೊಯ್ಯಲು ಕೂತೆವು. ನನ್ನ ಪಾಲಿಗೆ ಬಂದ ತೊಡೆಯ ಭಾಗವನ್ನು ಅವತ್ತೇ ರಾತ್ರಿ ಊರಿಂದ ತಂದಿದ್ದ ಕಾಳುಮೆಣಸು ಕುಟ್ಟಿ ಹಾಕಿ ಹುರಿದು, ಪಕ್ಕದ ಮನೆಗೂ ಒಂದು ಬಟ್ಟಲು ಕೊಟ್ಟುಬಂದೆ.