ಹೆಲ್ಸಿಂಕಿಯಿಂದ ಟೋಕಿಯೋಗೆ: ಆಕಾಶದಲ್ಲೂ ಗಡಿಗಳುಂಟು

ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೂ ಜಪಾನಿನ ಟೋಕಿಯೋಗೂ ನಡುವಿನ ದೂರವೆಷ್ಟು? ಶಾಲೆಯಲ್ಲಿರುವ ಭೂಗೋಳದ ಮೇಲೆ ಈ ಎರಡು ನಗರಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಹಿಡಿದರೆ ಉತ್ತರ ದೊರೆಯುತ್ತದೆ. ಗೋಡೆಯ ನಕ್ಷೆಯಲ್ಲಿ ನೇರವಾಗಿ ಕಾಣುವ ಗೆರೆ ಬೇರೆ, ದಾರ ತೋರುವ ಹಾದಿ ಬೇರೆ. ಭೂಮಿ ಗುಂಡಗಿರುವುದರಿಂದ ದಾರವು ಮೊದಲು ಉತ್ತರಕ್ಕೆ ಬಾಗಿ, ಆರ್ಕ್ಟಿಕ್ ವೃತ್ತದ ಬಳಿ ಸಾಗಿ, ಸೈಬೀರಿಯವನ್ನು ದಾಟಿ ಜಪಾನನ್ನು ಮುಟ್ಟುತ್ತದೆ. ಇದುವೇ ಅತಿ ಹತ್ತಿರದ ದಾರಿ. ಉದ್ದ ಸುಮಾರು 7,800 ಕಿ.ಮೀ. ಈ ದಾರಿಯಲ್ಲಿ ವಿಮಾನಕ್ಕೆ ಒಂಬತ್ತೂವರೆ ಗಂಟೆಗಳು ಸಾಕು.

ಆದರೆ ಆಕಾಶವು ಯಾರ ಸೊತ್ತೂ ಅಲ್ಲವೆಂಬ ಮಾತು ಕಾನೂನಿನಲ್ಲಿ ನಿಲ್ಲದು. ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ವಾಯುಪ್ರದೇಶದಲ್ಲಿ ಪೂರ್ಣ ಸಾರ್ವಭೌಮಾಧಿಕಾರವಿದೆಯೆಂದು 1944ರ ಷಿಕಾಗೋ ಒಪ್ಪಂದದ ಮೊದಲನೆಯ ವಿಧಿಯೇ ಸಾರುತ್ತದೆ. ಅನುಮತಿಯಿಲ್ಲದೆ ಪರದೇಶದ ನಿಯತ ವಿಮಾನವು ಅಲ್ಲಿ ಹಾಯುವಂತಿಲ್ಲ. ಗಡಿನಾಡಿನ ಮಕ್ಕಳು ನೆಲದ ಮೇಲೆ ಬಲ್ಲ ಗಡಿಯು ಮೋಡಗಳಾಚೆಗೂ ಏರಿ ನಿಂತಿದೆ.

ಶೀತಲ ಸಮರದ ಕಾಲದಲ್ಲಿ ಸೈಬೀರಿಯದ ಆಕಾಶವು ಪಶ್ಚಿಮದ ವಿಮಾನಗಳಿಗೆ ಬಹುಮಟ್ಟಿಗೆ ಮುಚ್ಚಿತ್ತು. ಆದ್ದರಿಂದ 1957ರಲ್ಲಿ ಸ್ಕ್ಯಾಂಡಿನೇವಿಯದ ಎಸ್‌ಎಎಸ್ ಸಂಸ್ಥೆಯು ಕೋಪನ್‌ಹೇಗನ್ನಿನಿಂದ ಉತ್ತರ ಧ್ರುವದ ಮೇಲೆ ಹಾದು, ಅಲಾಸ್ಕದ ಆಂಕರೇಜಿನಲ್ಲಿ ಇಳಿದು, ಟೋಕಿಯೋ ಸೇರುವ ಮಾರ್ಗವನ್ನು ತೆರೆಯಿತು. 1983ರಲ್ಲಿ ಫಿನ್ಏರ್ ಸಂಸ್ಥೆಯ ಡಿಸಿ-10 ವಿಮಾನವು ಎಲ್ಲಿಯೂ ಇಳಿಯದೆ ಧ್ರುವವನ್ನು ಬಳಸಿ ಜಪಾನಿಗೆ ಹಾರತೊಡಗಿತು. ಆ ಪ್ರಯಾಣಕ್ಕೆ ಸುಮಾರು ಹದಿಮೂರು ಗಂಟೆ ಹಿಡಿಯುತ್ತಿತ್ತು. ಮುಂದೆ ರಾಜಕೀಯದ ಮಂಜು ಕರಗಿತು. ಸೈಬೀರಿಯದ ಹತ್ತಿರದ ದಾರಿ ತೆರೆಯಿತು. ಹೆಲ್ಸಿಂಕಿಯು ಯುರೋಪಿನಿಂದ ಪೂರ್ವ ಏಷ್ಯಕ್ಕೆ ಹೋಗುವವರ ಹೆಬ್ಬಾಗಿಲಾಯಿತು.

2022ರ ಫೆಬ್ರವರಿಯಲ್ಲಿ ರಷ್ಯವು ಉಕ್ರೇನಿನ ಮೇಲೆ ದಂಡೆತ್ತಿತು. ಐರೋಪ್ಯ ಒಕ್ಕೂಟವು ರಷ್ಯದ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಮರುದಿನವೇ ರಷ್ಯವೂ ಹಾಗೆಯೇ ಮಾಡಿತು. ಮಾರ್ಚ್ ತಿಂಗಳಲ್ಲಿ ಫಿನ್ಏರ್ ಮತ್ತೆ ಹಳೆಯ ಧ್ರುವಮಾರ್ಗವನ್ನೇ ಹಿಡಿಯಿತು. ಈಗಿನ ಏರ್‌ಬಸ್ ಎ350 ಹೊಸ ಕಾಲದ ವಿಮಾನ. ಪ್ರಯಾಣದ ಅವಧಿ ಮಾತ್ರ 1983ರ ಹದಿಮೂರು ಗಂಟೆಯೇ. ಕೆಲವೊಮ್ಮೆ ಗಾಳಿಯ ಅನುಕೂಲ ನೋಡಿ ಮಧ್ಯ ಏಷ್ಯದ ದಕ್ಷಿಣ ಮಾರ್ಗವನ್ನೂ ಆರಿಸುತ್ತಾರೆ. ಇತ್ತ ಚೀನಾದ ವಿಮಾನಗಳಿಗೆ ಅಂತಹ ತಡೆಯಿಲ್ಲ. ಅವು ಇಂದಿಗೂ ರಷ್ಯದ ಮೇಲೆಯೇ ಯುರೋಪಿಗೆ ಹಾರುತ್ತವೆ.

ಧ್ರುವ ದಾಟಿದ ಪ್ರಯಾಣಿಕರಿಗೆ ನೆನಪಿನ ಪ್ರಮಾಣಪತ್ರವೊಂದು ದೊರೆಯುತ್ತದೆ. ಅದನ್ನು ಪಡೆದವರಿಗೆ ಸಂತೋಷವಾಗಬಹುದು. ಆದರೆ ಹೆಚ್ಚಾಗಿ ಉರಿದ ಇಂಧನದ ವೆಚ್ಚವನ್ನು ಭರಿಸಬೇಕಾದುದು ಸಂಸ್ಥೆ, ಕೊನೆಗೆ ಟಿಕೆಟು ಕೊಳ್ಳುವವರು. ಎರಡು ನಗರಗಳೂ ಇದ್ದಲ್ಲಿಂದ ಕದಲಿಲ್ಲ. ದಾರದ ಉದ್ದವೂ ಬದಲಾಗಿಲ್ಲ. ದೂರವನ್ನು ಅಳೆಯಲು ಗಣಿತ ಸಾಕು. ಪ್ರಯಾಣದ ಹೊತ್ತನ್ನು ತಿಳಿಯಬೇಕಾದರೆ ನೆರೆಹೊರೆಯ ರಾಷ್ಟ್ರಗಳು ಪರಸ್ಪರ ಹೇಗಿವೆ ಎಂಬುದನ್ನೂ ಓದಬೇಕು.