ಗಂಜಿ ಹಾಕಿದ ದೆವ್ವ

ಅಮೆರಿಕದಲ್ಲಿ ಅಕ್ಟೋಬರ್ ತಿಂಗಳು ಕಾಲಿಟ್ಟಿತೆಂದರೆ ಕುಂಬಳಕಾಯಿಗೆ ರಾಜಯೋಗ ಪ್ರಾಪ್ತವಾಯಿತೆಂದೇ ತಿಳಿಯಬೇಕು. ಅಂಗಡಿಯ ಮುಂದೆ ಕುಂಬಳಕಾಯಿ, ಬ್ಯಾಂಕಿನ ಮೆಟ್ಟಿಲ ಮೇಲೆ ಕುಂಬಳಕಾಯಿ, ದಂತವೈದ್ಯರ ಕಿಟಕಿಯಲ್ಲಿಯೂ ಹಲ್ಲು ಕಿರಿದು ಕುಳಿತ ಕುಂಬಳಕಾಯಿ! ನಮ್ಮ ಕಡೆ ಹುಳಿಗೋ ಪಲ್ಯಕ್ಕೋ ಹೋಳಾಗಿ ಮುಗಿದುಹೋಗುವ, ಬೂದುಗುಂಬಳವಾದರೆ ಆಯುಧಪೂಜೆಯ ದಿನ ನಡುಬೀದಿಯಲ್ಲಿ ಒಡೆಸಿಕೊಳ್ಳುವ ಈ ಬಡಪಾಯಿ ಸಂಸಾರಕ್ಕೆ ಇಂಥ ಮರ್ಯಾದೆ ಬೇರೆಲ್ಲಿಯೂ ದೊರೆತದ್ದನ್ನು ನಾನು ಕಾಣೆ. ಇದೆಲ್ಲವೂ ತಿಂಗಳ ಕೊನೆಯ ರಾತ್ರಿಯ ಹ್ಯಾಲೊವೀನ್ ಹಬ್ಬಕ್ಕಾಗಿ. ಅಂದು ಮಕ್ಕಳು ದೆವ್ವ, ಮಾಟಗಾತಿ, ರಾಜಕುಮಾರಿಯರ ವೇಷ ತೊಟ್ಟು ಮನೆಮನೆಯ ಬಾಗಿಲು ತಟ್ಟಿ ಮಿಠಾಯಿ ಬೇಡುತ್ತಾರೆ. ದೊಡ್ಡವರು ಅಂಗಳವನ್ನು ಸ್ಮಶಾನದಂತೆ ಸಿಂಗರಿಸುತ್ತಾರೆ. ನ್ಯೂಜೆರ್ಸಿಯಲ್ಲಿ ನನ್ನ ಮಗನ ಎದುರುಮನೆಯವರು ಹನ್ನೆರಡು ಅಡಿಯ ಪ್ಲಾಸ್ಟಿಕ್ ಅಸ್ಥಿಪಂಜರವೊಂದನ್ನು ಹುಲ್ಲಿನ ಮೇಲೆ ನಿಲ್ಲಿಸಿದ್ದರು. ಬೆಳಗ್ಗೆ ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ನಿಂತರೆ ಮೊದಲು ಅದರದೇ ದರ್ಶನ.

ನಾನು ಅಲ್ಲಿದ್ದದ್ದು 2024ರಲ್ಲಿ. ಆ ವರ್ಷದ ಮಾರ್ಚಿಯಲ್ಲಿ ನನ್ನ ಯಜಮಾನರು ತೀರಿಕೊಂಡಿದ್ದರು. ಮಗನೊಬ್ಬನೇ ಮೈಸೂರಿಗೆ ಬಂದು ಕ್ರಿಯಾಕರ್ಮಗಳನ್ನು ಮುಗಿಸಿ ಹಿಂದಿರುಗಿದ್ದ. ಸೆಪ್ಟೆಂಬರಿನಲ್ಲಿ ನನ್ನನ್ನು ಕರೆಸಿಕೊಂಡ. ವರ್ಷ ತುಂಬುವವರೆಗೆ ಮನೆಯಲ್ಲಿ ಹಬ್ಬವಿಲ್ಲವೆಂಬುದು ನಮ್ಮ ಕಡೆಯ ಸಂಪ್ರದಾಯವಷ್ಟೆ. ನನ್ನ ಸೊಸೆ ಅದನ್ನು ನನಗಿಂತಲೂ ನಿಷ್ಠೆಯಿಂದ ಪಾಲಿಸುತ್ತಿದ್ದಳು. ನವರಾತ್ರಿಯಲ್ಲಿ ಗೊಂಬೆಯ ಪೆಟ್ಟಿಗೆ ತೆರೆಯಲಿಲ್ಲ. ಆ ವರ್ಷದ ಪಂಚಾಂಗದ ವಿನೋದವೆಂದರೆ, ಅಕ್ಟೋಬರ್ 31ರಂದೇ ನರಕ ಚತುರ್ದಶಿ. ಎಣ್ಣೆನೀರಿನ ಹಬ್ಬವೂ ದೆವ್ವಗಳ ಹಬ್ಬವೂ ಒಂದೇ ದಿನ!

“ಗೊಂಬೆ ಇಲ್ಲ, ದೀಪಾವಳಿ ಇಲ್ಲ, ಹ್ಯಾಲೊವೀನೂ ಇಲ್ವಾ ಅಜ್ಜಿ?” ಎಂದು ಆರು ವರ್ಷದ ಮೊಮ್ಮಗ ಕೇಳಿದ. ಹತ್ತು ವರ್ಷದ ಮೊಮ್ಮಗಳು ಏನನ್ನೂ ಕೇಳಲಿಲ್ಲ. ಅವಳು ಕೇಳದೆ ಇದ್ದದ್ದೇ ನನಗೆ ಹೆಚ್ಚು ಚುಚ್ಚಿತು. ನಾನು ಬಂದು ಒಂದೂವರೆ ತಿಂಗಳಾಗಿದ್ದರೂ ಆ ಮಕ್ಕಳು ತಾತನ ಹೆಸರೆತ್ತಿರಲಿಲ್ಲ. ಅಜ್ಜಿಗೆ ನೋವಾಗುತ್ತದೆ, ಆ ಮಾತು ಬೇಡವೆಂದು ಹಿರಿಯರು ಹೇಳಿದ್ದಿರಬೇಕು.

“ಬಾಗಿಲಲ್ಲಿ ಎಲುಬು, ತಲೆಬುರುಡೆ ತೂಗುಹಾಕೋದು ಈ ವರ್ಷ ಬೇಡ ಅತ್ತೆ,” ಎಂದಳು ಸೊಸೆ. ಅವಳ ಮಾತು ನ್ಯಾಯವಾದದ್ದೇ. ಆದರೆ ನಾನು ನಲವತ್ತು ವರ್ಷ ನ್ಯಾಯಾಲಯದ ಗುಮಾಸ್ತರೊಬ್ಬರ ಜೊತೆ ಸಂಸಾರ ಮಾಡಿದವಳು. “ನಮ್ಮದಾದ ಹಬ್ಬಕ್ಕೆ ತಾನೆ ನಿಷೇಧ? ಇದು ನಮ್ಮ ಹಬ್ಬವೇ ಅಲ್ಲವಲ್ಲ!” ಎಂದೆ. ಅವರು ಕೇಳಿದ್ದರೆ ಈ ವಾದಕ್ಕೆ ಖಂಡಿತ ತಲೆದೂಗುತ್ತಿದ್ದರು. ಕೊನೆಗೆ ರಾಜಿಯಾಯಿತು. ಅಸ್ಥಿಪಂಜರ ಕೂಡದು, ಕುಂಬಳಕಾಯಿಯೊಂದರ ಹೊರತು ಅಂಗಡಿಯಿಂದ ಏನನ್ನೂ ತರಕೂಡದು, ಉಳಿದುದೆಲ್ಲ ಮನೆಯಲ್ಲಿಯೇ ಆಗಬೇಕು.

ಮೊಮ್ಮಗಳು ಊರಿನ ಗ್ರಂಥಾಲಯದಿಂದ ನಾಲ್ಕಾರು ಪುಸ್ತಕಗಳನ್ನು ಹೊತ್ತು ತಂದಳು. ಮಧ್ಯಾಹ್ನದ ಹೊತ್ತು ನಾನೂ ಅವುಗಳನ್ನು ಓದಿದೆ. ಈ ಹಬ್ಬದ ತವರು ಐರ್ಲೆಂಡ್, ಸ್ಕಾಟ್ಲೆಂಡುಗಳು. ಸುಗ್ಗಿ ಮುಗಿದು ಚಳಿಗಾಲ ಹೊಸ್ತಿಲಿಗೆ ಬರುವ ಆ ಸಂಧಿಯ ರಾತ್ರಿ ಸತ್ತವರು ತಮ್ಮ ಮನೆಗಳಿಗೆ ಬಂದುಹೋಗುತ್ತಾರೆಂದು ಅಲ್ಲಿಯ ಹಳ್ಳಿಗರು ನಂಬಿದ್ದರಂತೆ. ಬಂದವರಿಗಾಗಿ ಒಲೆಯ ಬೆಂಕಿಯನ್ನು ಆರಿಸದೆ ಇಡುವ ಪದ್ಧತಿಯೂ ಇದ್ದಿತು. ಆಗ ಅವರು ಕೊರೆಯುತ್ತಿದ್ದದ್ದು ಕುಂಬಳಕಾಯಿಯನ್ನಲ್ಲ, ಟರ್ನಿಪ್ ಗೆಡ್ಡೆಯನ್ನು. ಡೊನೆಗಾಲ್ ಪ್ರಾಂತದ ಅಂಥ ಗೆಡ್ಡೆಯ ದೀಪವೊಂದರ ಅಚ್ಚನ್ನು ಮೇಯೋ ಪ್ರಾಂತದ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇಟ್ಟಿದ್ದಾರೆ. ಅದರ ಚಿತ್ರ ನೋಡಿದೆ. ಸುಕ್ಕುಬಿದ್ದ ಕೆನ್ನೆ, ಗುಳಿಬಿದ್ದ ಕಣ್ಣು. ಎದುರುಮನೆಯ ಹನ್ನೆರಡು ಅಡಿಯ ಮಹಾಶಯನಿಗಿಂತ ಈ ಮುಷ್ಟಿಗಾತ್ರದ ಮುಖವೇ ಹೆಚ್ಚು ಭಯ ಹುಟ್ಟಿಸುತ್ತದೆ. 1845ರಿಂದ ಆಲೂಗೆಡ್ಡೆಗೆ ರೋಗ ತಗುಲಿ ಬರಗಾಲ ಬಂದಾಗ ಲಕ್ಷಗಟ್ಟಲೆ ಐರಿಷ್ ಜನ ಅಮೆರಿಕಕ್ಕೆ ವಲಸೆ ಬಂದರು. ಬಂದ ನಾಡಿನಲ್ಲಿ ಕುಂಬಳ ಹೇರಳ. ಗಟ್ಟಿ ಗೆಡ್ಡೆಯನ್ನು ಕೊರೆದು ಕೈ ನೋಯಿಸಿಕೊಳ್ಳುವುದಕ್ಕಿಂತ ಮೊದಲೇ ಒಳಗೆ ಟೊಳ್ಳಾಗಿರುವ ಕಾಯಿ ಲೇಸಲ್ಲವೆ?

ಮನೆಯಲ್ಲಿಯೇ ಅಲಂಕಾರ ಮಾಡುವುದೂ ಅಲ್ಲಿ ಹೊಸತೇನಲ್ಲ. ಮಸಾಚುಸೆಟ್ಸಿನ ಡೆನಿಸನ್ ಎಂಬ ಕಾಗದದ ಕಂಪನಿ 1909ರಲ್ಲಿಯೇ ಕ್ರೇಪ್ ಕಾಗದದಿಂದ ವೇಷ, ತೋರಣ ಮಾಡುವುದನ್ನು ಕಲಿಸುವ ಪುಸ್ತಕವನ್ನು ಅಚ್ಚುಹಾಕಿತು. ತನ್ನ ಕಾಗದ ಮಾರುವುದಕ್ಕೇ ಇರಲಿ, ಗೃಹಿಣಿಯರ ಕೈಗೆ ಕತ್ತರಿ ಕೊಟ್ಟಿತಲ್ಲ! 1950ರಲ್ಲಿ ಫಿಲಡೆಲ್ಫಿಯಾದ ಮಕ್ಕಳು ಖಾಲಿ ಹಾಲಿನ ಡಬ್ಬಿಗಳನ್ನು ಅಲಂಕರಿಸಿಕೊಂಡು, ಮಿಠಾಯಿಯ ಜೊತೆಗೆ ಪರದೇಶದ ಮಕ್ಕಳಿಗಾಗಿ ಚಿಲ್ಲರೆಯನ್ನೂ ಬೇಡಿದರು. ಮೊದಲ ವರ್ಷ ಕೂಡಿದ್ದು 17 ಡಾಲರ್. ಅದೇ ಮುಂದೆ ಯುನಿಸೆಫ್ ಸಂಸ್ಥೆಗೆ ಪ್ರತಿವರ್ಷ ಹಣ ಕೂಡಿಸುವ ದೊಡ್ಡ ಕಾರ್ಯವಾಗಿ ಬೆಳೆಯಿತು.

ನಮ್ಮ ಕೆಲಸವೂ ಹಾಲಿನ ಡಬ್ಬಿಯಿಂದಲೇ ಆರಂಭವಾಯಿತು. ಅಲ್ಲಿ ಹಾಲು ಬರುವುದು ಒಂದು ಗ್ಯಾಲನ್, ಎಂದರೆ ಸುಮಾರು 3.8 ಲೀಟರ್ ಹಿಡಿಯುವ ಮಂಜುಬಿಳುಪಿನ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ತೊಳೆದು ಒಣಗಿಸಿ, ಕಪ್ಪು ಶಾಯಿಯಲ್ಲಿ ಮುಖ ಬರೆದು, ಹಿಂಬದಿಯಲ್ಲಿ ಕಿಂಡಿ ಕತ್ತರಿಸಿ, ಬ್ಯಾಟರಿಯ ಸಣ್ಣ ದೀಪವನ್ನು ಒಳಗಿಟ್ಟರೆ ಇಡೀ ಡಬ್ಬಿ ಹೊಳೆಯುತ್ತದೆ. ಬಾವಲಿಗೆ ಕರಿಯ ಕಾಗದ ಸಾಕು. ಕಾಗದವನ್ನು ಎರಡಾಗಿ ಮಡಿಸಿ, ಮಡಿಕೆಯ ಕಡೆಯಿಂದ ಅರ್ಧ ಮೈ ಮತ್ತು ಒಂದೇ ರೆಕ್ಕೆ ಬರೆದು ಕತ್ತರಿಸಿ ಬಿಡಿಸಿದರೆ ಎರಡು ರೆಕ್ಕೆಗಳೂ ತಪ್ಪದೆ ಸಮನಾಗಿರುತ್ತವೆ. ಗಣಪತಿಯ ಮಂಟಪಕ್ಕೆ ಬಣ್ಣದ ಕಾಗದ ಕತ್ತರಿಸಿದ ಕೈಗೆ ಇದೇನು ಮಹಾವಿದ್ಯೆ? ಮೊಮ್ಮಗನಂತೂ ಇಪ್ಪತ್ತಮೂರು ಬಾವಲಿಗಳನ್ನು ಮಾಡಿ, ಇನ್ನು ಕಾಗದವಿಲ್ಲವೆಂದ ಮೇಲೆಯೇ ನಿಲ್ಲಿಸಿದ.

ಕುಂಬಳಕಾಯಿಯ ವಿಷಯದಲ್ಲಿ ಒಂದೆರಡು ಮಾತು ಹೇಳಲೇಬೇಕು. ಮುಚ್ಚಳವನ್ನು ನೇರವಾಗಿ ಕೊಯ್ಯದೆ ಚೂರಿಯನ್ನು ಒಳಗಡೆಗೆ ಓರೆಮಾಡಿ ಕೊಯ್ಯಬೇಕು. ಇಲ್ಲವಾದರೆ ಮುಚ್ಚಳ ಒಳಗೆ ಬಿದ್ದುಹೋಗುತ್ತದೆ. ಮುಖ ಕೊರೆಯುವ ಕಡೆ ತಿರುಳನ್ನು ಹೆರೆದು ಒಂದು ಅಂಗುಲದಷ್ಟು ದಪ್ಪ ಉಳಿಸಿದರೆ ಸಾಕು. ಚೂರಿ ದೊಡ್ಡವರ ಕೈಯಲ್ಲಿರಲಿ, ಚಮಚ ಮಕ್ಕಳಿಗಿರಲಿ. ಕೊರೆಯಲೆಂದು ಬೆಳೆಸುವ ಆ ಭಾರಿ ಕಾಯಿ ಅಡಿಗೆಗೆ ಸಪ್ಪೆ, ನಾರುನಾರು. ಹುಳಿಗೆ ಬೇಕಾದರೆ ಚಿಕ್ಕ ಸಿಹಿ ಕಾಯಿಯನ್ನು ಬೇರೆ ತರಬೇಕು. ಅಷ್ಟೊಂದು ತಿರುಳು ತಿಪ್ಪೆ ಸೇರುವುದನ್ನು ಕಂಡರೆ ನಮ್ಮ ಹೆಂಗಸರ ಹೊಟ್ಟೆ ಉರಿಯದಿರದು. ಬೀಜವನ್ನಾದರೂ ಬಿಡಬಾರದು. ತೊಳೆದು ಒಣಗಿಸಿ ಉಪ್ಪು, ಮೆಣಸಿನ ಪುಡಿ, ಎರಡು ಹನಿ ಎಣ್ಣೆ ಹಾಕಿ ಹುರಿದರೆ ಸಂಜೆಯ ಕಾಫಿಗೆ ಒಳ್ಳೆಯ ಜೊತೆ.

ಉಳಿದದ್ದು ದೆವ್ವ. ಮಂಚದ ಬಿಳಿ ಹಾಸಿಗೆಗೆ ಎರಡು ತೂತು ಮಾಡಿ ಹೊದೆಯುವುದು ಅಲ್ಲಿಯ ಹಳೆಯ ರೂಢಿ. 1966ರಲ್ಲಿ ಮೊದಲು ತೋರಿಸಿದ, ಈಗಲೂ ಮಕ್ಕಳು ನೋಡುವ ವ್ಯಂಗ್ಯಚಿತ್ರದಲ್ಲಿ ಚಾರ್ಲಿ ಬ್ರೌನ್ ಎಂಬ ಹುಡುಗ ಹಾಸಿಗೆಯ ತುಂಬ ತೂತು ಕೊರೆದು ಕೆಡಿಸುತ್ತಾನೆ; ಪಾಪ, ಅವನಿಗೆ ಮನೆಮನೆಯಲ್ಲಿಯೂ ಮಿಠಾಯಿಯ ಬದಲು ಕಲ್ಲು ಸಿಕ್ಕುತ್ತದೆ. ನಮ್ಮ ಮೊಮ್ಮಗಳಿಗೆ ಮಾತ್ರ ತಾನಾಗಿ ನಿಲ್ಲುವ ದೆವ್ವ ಬೇಕಾಗಿತ್ತು. ಬಟ್ಟೆಯನ್ನು ಪಿಷ್ಟದಲ್ಲಿ ಅದ್ದಿ, ಸೀಸೆಯ ಮೇಲೆ ಹೊದಿಸಿ ಒಣಗಿಸಬೇಕೆಂದು ಪುಸ್ತಕದಲ್ಲಿತ್ತು. ಗಂಜಿ ಹಾಕುವುದನ್ನು ಪುಸ್ತಕ ನೋಡಿ ಕಲಿಯಬೇಕೆ? ಒಂದು ಲೋಟ ಅಕ್ಕಿಹಿಟ್ಟಿಗೆ ನಾಲ್ಕು ಲೋಟ ನೀರು. ಗಂಟಾಗದಂತೆ ಕಲಸಿ, ಸಣ್ಣ ಉರಿಯಲ್ಲಿ ಸೌಟಿಗೆ ಅಂಟುವವರೆಗೆ ಕಾಯಿಸಿದರೆ ಆಯಿತು.

ಬಟ್ಟೆ ಎಲ್ಲಿ? ಆ ಮನೆಯಲ್ಲಿದ್ದುದೆಲ್ಲ ಅರ್ಧ ನೈಲಾನು, ಗಂಜಿ ಹಿಡಿಯುವುದಿಲ್ಲ. ಮೈಸೂರಿನಿಂದ ಹೊರಡುವಾಗ ಉಪ್ಪಿನಕಾಯಿಯ ಜಾಡಿಗೆ ಸುತ್ತಿಕೊಂಡು ಅವರ ಹಳೆಯ ಪಂಚೆಯೊಂದನ್ನು ತಂದಿದ್ದೆ. ಜಾಡಿಗೆ ಸುತ್ತಲು ಬೇರೆ ಬಟ್ಟೆ ಇರಲಿಲ್ಲವೆ ಎಂದು ನೀವು ಕೇಳಿದರೆ ನಾನು ಉತ್ತರ ಹೇಳಲಾರೆ. ಒಗೆದು ಒಗೆದು ಮೆತ್ತಗಾದ, ಹಸಿರು ಅಂಚಿನ ಪಂಚೆ. ಅದನ್ನು ತಂದು ಊಟದ ಮೇಜಿನ ಮೇಲೆ ಹರಡಿದೆ. ಸೊಸೆ ಒಲೆಯ ಬಳಿಯಿಂದ ನೋಡಿದಳು.

“ಮಾವನವರ ಪಂಚೆ ಅಲ್ವೆ ಅತ್ತೆ?”

“ಹೌದಮ್ಮ.”

ಬೇಡವೆನ್ನುವಳೆಂದುಕೊಂಡಿದ್ದೆ. ಅವಳು ಕೈ ಒರೆಸಿಕೊಂಡು ಬಂದು ಇನ್ನೊಂದು ತುದಿಯನ್ನು ಹಿಡಿದಳು. ಹತ್ತಿಯ ಬಟ್ಟೆಗೆ ಕತ್ತರಿ ಬೇಡ. ಅಂಚಿನಲ್ಲಿ ಒಂದು ಕಚ್ಚು ಮಾಡಿ ಎಳೆದರೆ ನೂಲಿನ ಗುಂಟ ನೇರವಾಗಿ ಹರಿಯುತ್ತದೆ. ಇಬ್ಬರೂ ಎಳೆದೆವು.

ಸೀಸೆಯ ಮೇಲೆ ಚೆಂಡು, ತೋಳಿಗೆ ಬಟ್ಟೆ ತೂಗುಹಾಕುವ ತಂತಿ, ಅಂಟದಿರಲೆಂದು ಮೇಲೆ ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಗಂಜಿಯಲ್ಲಿ ಅದ್ದಿದ ಪಂಚೆಯನ್ನು ಹೊದಿಸಿ ನೆರಿಗೆ ಸರಿಪಡಿಸಿದೆವು. ನೆಲದ ಜಾಲರಿಯಿಂದ ಬರುವ ಬಿಸಿಗಾಳಿಗೆ ಒಂದೂವರೆ ದಿನದಲ್ಲಿ ಒಣಗಿ ಹಪ್ಪಳದಂತಾಯಿತು. ಸೀಸೆ ತೆಗೆದರೂ ನಿಂತೇ ಇದ್ದಿತು! ಒಳಗೆ ಯಾರೂ ಇಲ್ಲ, ಹೊರಗೆ ಹಸಿರು ಅಂಚು.

ಕಣ್ಣು ಬರೆಯುವ ಸರದಿ ಮೊಮ್ಮಗನದು. ಲೇಖನಿ ಹಿಡಿದು ಬಹಳ ಹೊತ್ತು ನಿಂತ.

“ಅಜ್ಜಿ, ತಾತ ಸತ್ತಾಗ ಕಣ್ಣು ತೆಗೆದಿತ್ತಾ, ಮುಚ್ಚಿತ್ತಾ?”

ಸೊಸೆ ಮಗುವಿನ ಹೆಗಲ ಮೇಲೆ ಕೈಯಿಟ್ಟಳು. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ಸ್ವಲ್ಪ ತೆರೆದಿತ್ತು ಪುಟ್ಟ. ನಾನೇ ಮುಚ್ಚಿದೆ.”

“ಕನ್ನಡಕ?”

“ಮೇಜಿನ ಮೇಲಿತ್ತು.”

“ಹಾಗಾದ್ರೆ ಬರುವಾಗ ದಾರಿ ಕಾಣಲ್ಲ,” ಎಂದವನೇ ದೆವ್ವಕ್ಕೆ ದೊಡ್ಡದಾಗಿ ಕನ್ನಡಕ ಬರೆದ, ಒಂದು ಗಾಜು ಇನ್ನೊಂದಕ್ಕಿಂತ ಮೇಲೆ. ಅವರ ಕನ್ನಡಕವೂ ಹಾಗೆಯೇ ಓರೆಯಾಗಿ ಕೂರುತ್ತಿತ್ತು. ಅದು ಈ ಹುಡುಗನಿಗೆ ನೆನಪಿತ್ತೋ, ಅವನ ಕೈ ಹಾಗೆ ಹೋಯಿತೋ ತಿಳಿಯದು. ಸೊಸೆ ಮೊದಲು ನಕ್ಕಳು, ಆಮೇಲೆ ಅಡಿಗೆಮನೆಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಬಹಳ ಹೊತ್ತು ಅಲ್ಲಿಯೇ ಇದ್ದಳು.

ಆ ಸಂಜೆ ಕಟ್ಟೆಯೊಡೆದಂತೆ ಪ್ರಶ್ನೆಗಳು ಬಂದವು. ತಮ್ಮನ್ನೇಕೆ ಕರೆದುಕೊಂಡು ಹೋಗಲಿಲ್ಲವೆಂದು ಮೊಮ್ಮಗಳು ಅಪ್ಪನನ್ನು ನೇರವಾಗಿ ಕೇಳಿದಳು. ಕೆಲಸದಿಂದ ಬಂದವನು ಬೂಟು ಸಹ ಬಿಚ್ಚದೆ ಸೋಫಾದ ಮೇಲೆ ಕುಳಿತು ಹೇಳತೊಡಗಿದ. ಟಿಕೆಟ್ಟು ಸಿಕ್ಕಿದ್ದೇ ಒಂದು, ಸಮಯವಿರಲಿಲ್ಲ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಅಸ್ಥಿ ಬಿಟ್ಟಾಗ ನೀರು ಮೊಣಕಾಲಿನವರೆಗೆ ತಣ್ಣಗಿತ್ತು. ಅಸ್ಥಿಯೆಂದರೇನು ಎಂದಳು ಹುಡುಗಿ. ಅವನು ಎದುರುಮನೆಯ ಕಡೆ ಬೆರಳು ತೋರಿಸಿದ. ಅವಳು ಕಿಟಕಿಯಾಚೆ ಆ ಹನ್ನೆರಡು ಅಡಿಯನ್ನು ನೋಡಿ, “ಅಷ್ಟೊಂದಾ?” ಎಂದಳು. “ಇಲ್ಲಮ್ಮ, ಒಂದು ಸಣ್ಣ ಮಡಕೆ,” ಎಂದ ನನ್ನ ಮಗ. ತಂದೆಯ ವಿಷಯ ಅವನು ಅಷ್ಟು ಮಾತನಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಹಬ್ಬದ ರಾತ್ರಿ ದೆವ್ವವನ್ನು ಬಾಗಿಲ ಪಕ್ಕದ ಕಿಟಕಿಯ ಒಳಗಡೆ ನಿಲ್ಲಿಸಿದೆವು. ಇಬ್ಬನಿಯಲ್ಲಿಟ್ಟರೆ ಗಂಜಿ ಇಳಿದುಹೋಗುತ್ತದೆ. ಹಾಲಿನ ಡಬ್ಬಿಗಳು ಹಾದಿಯ ಎರಡು ಕಡೆ. ಸಾಲುಸಾಲಾಗಿ ಮಕ್ಕಳು ಬಂದರು. ನಾನು ಬುಟ್ಟಿ ಹಿಡಿದು ಮಿಠಾಯಿ ಹಂಚಿದೆ. ಮೊಮ್ಮಗಳ ಹೊತ್ತಗೆಯ ಓರಗೆಯ ಹುಡುಗನೊಬ್ಬ, ದೆವ್ವಕ್ಕೇಕೆ ಕನ್ನಡಕವೆಂದು ಇಂಗ್ಲಿಷಿನಲ್ಲಿ ಕೇಳಿದ. “ಅದು ನಮ್ಮ ತಾತ,” ಎಂದು ನಮ್ಮ ಚಿಕ್ಕವನು ಉತ್ತರ ಕೊಟ್ಟ. ಆ ಹುಡುಗ ಗಂಭೀರವಾಗಿ ಕಿಟಕಿಯ ಕಡೆ ಕೈಬೀಸಿ ಮುಂದಿನ ಮನೆಗೆ ಹೋದ.

ಕುಂಬಳಕಾಯಿ ವಾರದೊಳಗೆ ಮೆತ್ತಗಾಯಿತು. ಒಂದು ಕೆನ್ನೆಯನ್ನು ಅಳಿಲುಗಳು ಮುಗಿಸಿದವು. ಪಂಚೆಯನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ ಒಗೆದೆವು. ಮಾರ್ಚಿಯ ಹೊತ್ತಿಗೆ ನಾನು ವರ್ಷಾಬ್ದಿಕಕ್ಕಾಗಿ ಮೈಸೂರಿಗೆ ಹಿಂದಿರುಗಿದೆ. ಈ ಬಾರಿ ಮಕ್ಕಳೂ ಬಂದಿದ್ದರು.

2025ರ ಅಕ್ಟೋಬರಿನಲ್ಲಿ ಮೊಮ್ಮಗಳು ಫೋನು ಮಾಡಿ ಅಕ್ಕಿಹಿಟ್ಟಿನ ಅಳತೆ ಕೇಳಿದಳು. ಒಂದಕ್ಕೆ ನಾಲ್ಕು, ಸಣ್ಣ ಉರಿ ಎಂದು ಬರೆಸಿದೆ. ಈ ಸಲ ಒಬ್ಬರೇ ನಿಲ್ಲುವುದು ಬೇಡ, ಜೊತೆಗೆ ಇನ್ನೊಂದು ದೆವ್ವ ಮಾಡುತ್ತೇವೆ, ಹಸಿರು ಅಂಚಿನದೇ ಬೇಕು, ಮನೆಯಲ್ಲಿ ಇನ್ನೂ ಪಂಚೆ ಇದೆಯೇ ಎಂದಳು. ಬೀರು ತೆರೆದು ನೋಡಿದೆ. ಮೂರು ಇದ್ದವು. ಎರಡನ್ನು ಹುಣಸೆಹಣ್ಣು, ಸಾರಿನ ಪುಡಿಯ ಜೊತೆ ಸೇರಿಸಿ ಅಂಚೆಗೆ ಹಾಕಿದೆ.